ಕ್ಯಾಬಿನ್ ಒಳಗೆ ಫೈರ್ ಸಿಲಿಂಡರ್: ಕೊನೆಗೂ ಅಲ್ಲಾಡದ ಹಾಗೆ ಕೂರಿಸಿದ್ದು

ಲಾರಿಯ ಡ್ರೈವರ್ ಸೀಟಿನ ಪಕ್ಕ, ಬಾಗಿಲ ಕಡೆ, ನೆಲದ ಮೇಲೆ ಮಲಗಿಸಿ ಬೆಂಕಿ ಆರಿಸೋ ಫೈರ್ ಸಿಲಿಂಡರ್ ಕೂರಿಸುತ್ತೇನೆ ಅಂದಾಗ ಕೋಲಾರ ಎಪಿಎಂಸಿ ಯಾರ್ಡಿನಲ್ಲಿ ನಗದೇ ಇದ್ದವರು ಕಡಿಮೆ. "ಅಣ್ಣಾ, ಅದೇನು ಮಗೂನಾ ಮಲಗಿಸೋಕೆ?" ಅಂದ ಒಬ್ಬ. ಈಗ ಅದೇ ಪುಣ್ಯಾತ್ಮ ತನ್ನ ಗಾಡಿಗೂ ಹಾಗೇ ಮಾಡಿಸಿಕೊಂಡು ಹೋಗಿದ್ದಾನೆ. ದುಡ್ಡು ಇನ್ನೂ ಕೊಟ್ಟಿಲ್ಲ, ಅದು ಬೇರೆ ಮಾತು. ವರ್ಷದ ಮೇಲಾಯಿತು, ನನ್ನ ಸಿಲಿಂಡರ್ ಒಂದು ನೂಲಿನಷ್ಟೂ ಜರುಗಿಲ್ಲ. ಕೇಳೋರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಎರಡು ಗಾಡಿ. ಒಂದು 17 ಅಡಿ ಐಷರ್, ತೋಟಗಳಿಂದ ಮಂಡಿಗೆ ಟೊಮೆಟೊ ತರುತ್ತೆ. ಇನ್ನೊಂದು ಹತ್ತು ಚಕ್ರದ್ದು, ಅದನ್ನು ನಾನೇ ಓಡಿಸೋದು. ಸೀಸನ್‌ನಲ್ಲಿ ಚಿಂತಾಮಣಿ, ಚಿಕ್ಕಬಳ್ಳಾಪುರ ಮೇಲೆ ಹೈವೇ 44 ಹಿಡಿದು ನಾಗಪುರ, ಅಲ್ಲಿಂದ ಮೇಲಕ್ಕೂ ಹೋಗುತ್ತೇನೆ. ಮಾವಿನ ಕಾಲಕ್ಕೆ ಶ್ರೀನಿವಾಸಪುರದ ಲೋಡು. ಸಿಲಿಂಡರ್ ಹೇಗೆ ಕೆಲಸ ಮಾಡುತ್ತೆ ಅಂತೆಲ್ಲ ಉದ್ದಕ್ಕೆ ಹೇಳಲ್ಲ. ನಾನು ಹೇಳೋದೆಲ್ಲ 2 ಕೆಜಿ ಎಬಿಸಿ ಪುಡಿಯ (ಕಟ್ಟಿಗೆ-ಬಟ್ಟೆ, ಎಣ್ಣೆ, ಗ್ಯಾಸ್, ಮೂರೂ ಬಗೆಯ ಬೆಂಕಿಗೆ ಆಗೋ ಪುಡಿ) ಸಿಲಿಂಡರಿಗೆ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 15683 ಅಂತ (ಈ ಸಿಲಿಂಡರ್‌ಗಳ ಮಾನದಂಡದ ನಂಬರ್) ಬರೆದಿರಬೇಕು. ತುಂಬಿದ್ದಾಗ ಮೂರೂವರೆ, ನಾಲ್ಕು ಕೆಜಿ ತೂಗುತ್ತೆ. ದಪ್ಪ ನಾಲ್ಕೂವರೆ ಇಂಚು, ಉದ್ದ ಹೆಚ್ಚುಕಮ್ಮಿ 15 ಇಂಚು. ನಾನು ತಂದಾಗ 1,400 ಚಿಲ್ಲರೆ ಕೊಟ್ಟ ನೆನಪು.

ಯಾರ್ಡಿನಲ್ಲಿ ನಿಂತಿರೋ ಗಾಡಿಗಳನ್ನು ಹತ್ತಿ ನೋಡಿ. ಸಿಲಿಂಡರ್ ಇರುತ್ತೆ, ಅದರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲ್ಲ. ಬರ್ತ್ (ಸೀಟಿನ ಹಿಂದೆ ಮಲಗೋ ಜಾಗ) ಕೆಳಗೆ ಜಾಕಿ, ಹಗ್ಗ, ಸ್ಟವ್ ಜೊತೆ ಬಿದ್ದಿರುತ್ತೆ. ಎಫ್‌ಸಿ (ಗಾಡಿಯ ಫಿಟ್‌ನೆಸ್ ತಪಾಸಣೆ) ದಿನ ಬೆಳಗ್ಗೆ ಹೊರಗೆ ಬರುತ್ತೆ, ಸಂಜೆ ಒಳಗೆ ಹೋಗುತ್ತೆ. ಪಕ್ಕದ ಗಾಡಿಯಿಂದ ಎರವಲು ತಂದು ತೋರಿಸೋರೂ ಇದ್ದಾರೆ.

ಮೊದಲು ನಾನು ಹಾಕಿದ್ದು ಸಿಲಿಂಡರ್ ಜೊತೆ ಬರೋ ಗೋಡೆ ಹುಕ್ಕಿಗೆ. ಸೀಟಿನ ಹಿಂದೆ, ಕ್ಯಾಬಿನ್ ಹಿಂಭಾಗದ ತಗಡಿಗೆ ಹುಕ್ ಹೊಡೆದು ನೇತುಹಾಕಿದೆ. ಆ ಹುಕ್ ಇರೋದು ಅಂಗಡಿ, ಆಫೀಸ್ ಗೋಡೆಗೆ. ಗೋಡೆ ಕುಣಿಯಲ್ಲ, ಲಾರಿ ಕುಣಿಯುತ್ತೆ. ಮುಳಬಾಗಿಲು ಕಡೆಯ ಹಳ್ಳಿ ರಸ್ತೆಯಲ್ಲಿ ಎರಡು ಸಲ ಹಾರಿ ಬರ್ತ್ ಮೇಲೆ ಬಿತ್ತು. ಅದಕ್ಕೆ ಒಂದು ಹಳೇ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದೆ. ಬೀಳೋದು ನಿಂತಿತು. ಸರಿಹೋಯಿತು ಅಂದುಕೊಂಡೆ.

ಆಮೇಲೆ ಒಂದು ದಿನ ಡೀಸೆಲ್ ಲೈನ್ ಕೆಲಸಕ್ಕೆ ಮೇಸ್ತ್ರಿ ಕ್ಯಾಬಿನ್ ಎತ್ತಿದರು. ಕ್ಯಾಬಿನ್ ಮುಂದಕ್ಕೆ ಬಾಗಿದರೆ ಹಿಂದಿನ ಗೋಡೆ ಮೇಲಾಗುತ್ತೆ, ಮುಂದಿನ ಗಾಜು ತಳ ಆಗುತ್ತೆ. ಬಿಸಿಲಿಗೆ ಸಡಿಲ ಆಗಿದ್ದ ಟ್ಯೂಬ್ ಪಟ್ಟಿ ಜಾರಿತು. ನಾಲ್ಕು ಕೆಜಿ ಕಬ್ಬಿಣ ಬರ್ತಿಗೆ ಬಡಿದು, ಸ್ಟೇರಿಂಗಿಗೆ ಬಡಿದು, ಸೀದಾ ಗಾಜಿಗೆ ಹೋಯಿತು. ಕ್ಲೀನರ್ ಕಡೆಯ ಮೂಲೆಯಿಂದ ಗಾಜು ಪೂರ್ತಿ ಬಿರುಕು ಬಿಟ್ಟಿತು. ಗಾಜು, ಬೀಡಿಂಗ್ ರಬ್ಬರ್, ಕೂಲಿ ಸೇರಿ 7 ಸಾವಿರದ ಮೇಲೆ ಹೋಯಿತು. ಸಿಲಿಂಡರಿಗೆ ಒಂದು ಗೀರು ಕೂಡ ಬೀಳಲಿಲ್ಲ.

ಇದು ಯಾರೂ ಹೇಳದ ವಿಷಯ. ಅಂಗಡಿಯಲ್ಲಿ ಬ್ರ್ಯಾಕೆಟ್ ಮಾರೋನಿಗೆ ಲಾರಿ ಕ್ಯಾಬಿನ್ ಮಗುಚುತ್ತೆ ಅನ್ನೋದೇ ಗೊತ್ತಿರಲ್ಲ. ನಿಮ್ಮದು ಯಾವ ರೀತಿ ಕೂರಿಸಿದ್ದಾದರೂ, ಮುಂದಿನ ಸಲ ಕ್ಯಾಬಿನ್ ಎತ್ತುವಾಗ ಒಳಗೆ ಕಣ್ಣಿಟ್ಟು ನೋಡಿ.

ಎರಡನೇ ಸಲ ಗಾಡಿಗೇ ಅಂತ ಮಾರೋ ಪ್ಲಾಸ್ಟಿಕ್ ಬ್ರ್ಯಾಕೆಟ್ ತಂದೆ. ಕಾರಿಗೆ, ಒಂದು ಕೆಜಿ ಸಿಲಿಂಡರಿಗೆ ಅದು ಸರಿ. ಬಾಗಿಲ ಹಿಂದಿನ ಕಂಬಕ್ಕೆ ನಾಲ್ಕು ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಹೊಡೆದು ಕೂರಿಸಿದೆ. ನೋಡೋಕೆ ತುಂಬ ಚೆನ್ನಾಗಿತ್ತು. ಆ ತಗಡು ಒಂದು ಎಂಎಂ ದಪ್ಪ ಇದ್ದರೆ ಜಾಸ್ತಿ. ಸ್ಕ್ರೂ ಹಲ್ಲು ಹಿಡಿಯೋದು ಒಂದೇ ಸುತ್ತಿಗೆ. ನಾಗಪುರ ಹೋಗಿ ಬರುವಷ್ಟರಲ್ಲಿ ತೂತು ಉದ್ದಕ್ಕೆ ಹರಿದು ಮೊಟ್ಟೆ ಆಕಾರ ಆಗಿತ್ತು. ಮೇ ತಿಂಗಳ ಬಿಸಿಲಿಗೆ ಪ್ಲಾಸ್ಟಿಕ್ ಕೊಕ್ಕೆ ಬೆಳ್ಳಗಾಗಿ ಸೀಳಿತ್ತು. ಅಲ್ಲಿ ಮಧ್ಯಾಹ್ನ ಗಾಜು ಏರಿಸಿ ನಿಲ್ಲಿಸಿದ ಕ್ಯಾಬಿನ್ ಒಳಗೆ ಕಂಬದ ಕಬ್ಬಿಣ ಮುಟ್ಟೋಕೆ ಆಗಲ್ಲ, ಇನ್ನು ಪ್ಲಾಸ್ಟಿಕ್ ಎಷ್ಟು ದಿನ ತಡೆಯುತ್ತೆ?

ಇನ್ನೊಂದು ಎಚ್ಚರಿಕೆ. ಆ ಕಂಬದ ಒಳಗೆ ವೈರಿಂಗ್ ಹೋಗಿರುತ್ತೆ. ಬಂಗಾರಪೇಟೆ ರೋಡಿನ ಒಬ್ಬ ಗೆಳೆಯ ಇದೇ ಜಾಗಕ್ಕೆ ಡ್ರಿಲ್ ಹಾಕಿ, ರೂಫ್ ಲೈಟಿನ ವೈರ್ ಚುಚ್ಚಿ ಫ್ಯೂಸ್ ಹಾರಿಸಿಕೊಂಡ. ಬೆಂಕಿ ಆರಿಸೋ ಸಿಲಿಂಡರ್ ಕೂರಿಸಲು ಹೋಗಿ ಬೆಂಕಿಗೆ ದಾರಿ ಮಾಡಿದ ಹಾಗೆ.

ಮೂರನೆಯದು ಬರ್ತ್ ಕೆಳಗಿನ ಪೆಟ್ಟಿಗೆ. ಪ್ಲೈವುಡ್ ಕತ್ತರಿಸಿ, ಸಿಲಿಂಡರ್ ಅಳತೆಗೆ ಗೂಡು ಮಾಡಿ, ಸುತ್ತ ಸ್ಪಂಜು ಹಾಕಿದೆ. ಅಲ್ಲಾಡೋ ಪ್ರಶ್ನೆಯೇ ಇರಲಿಲ್ಲ. ಆದರೆ ಲಿವರ್ ಒತ್ತದ ಹಾಗೆ ತಡೆಯೋ ಪಿನ್ನಿಗೆ ಕಟ್ಟಿರೋ ಪ್ಲಾಸ್ಟಿಕ್ ಸೀಲ್ ಇದೆಯಲ್ಲ, ದಾರದಷ್ಟು ತೆಳ್ಳಗಿನದು, ಅದು ಕಂಪನಕ್ಕೆ ಉಜ್ಜಿ ಉಜ್ಜಿ ತುಂಡಾಯಿತು. ಪಿನ್ ನಿಧಾನಕ್ಕೆ ಹೊರಗೆ ಬಂತು. ಅದರ ಮೇಲೆ ಕ್ಲೀನರ್ ಹುಡುಗ ಹಾಸಿಗೆ ಸುರುಳಿ ತುರುಕಿ, ಅದರ ಮೇಲೆ ತಾನು ಕೂತ. ಲಿವರ್ ಒತ್ತಿಕೊಂಡಿತು.

ರಾತ್ರಿ ಹೊತ್ತು, ಗಾಡಿ ಓಡುತ್ತಿದೆ, ಕ್ಯಾಬಿನ್ ತುಂಬ ಹಳದಿ ಪುಡಿ. ಏನೂ ಕಾಣಲ್ಲ, ಉಸಿರು ಎಳೆದರೆ ಗಂಟಲಿಗೆ ಹಿಟ್ಟು ಮೆತ್ತಿದ ಹಾಗಾಗುತ್ತೆ. ಹೇಗೋ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಎದುರಿಗೆ ಇನ್ನೊಂದು ಗಾಡಿ ಇಲ್ಲದ್ದು ಪುಣ್ಯ. ಅಕ್ಕಿ, ಸಾಂಬಾರ್ ಪುಡಿ, ಬಟ್ಟೆ ಎಲ್ಲ ಬಿಸಾಕಿದ್ದಾಯಿತು. ಆ ಪುಡಿಯಲ್ಲಿರೋದು ಮೊನೊ ಅಮೋನಿಯಂ ಫಾಸ್ಫೇಟ್. ತೇವ ಕುಡಿದರೆ ಹುಳಿಯ ಗುಣ ಬರುತ್ತೆ, ತಾಮ್ರ, ಅಲ್ಯೂಮಿನಿಯಂ ಎಲ್ಲ ತಿನ್ನುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸೋಣ ಅಂತ ಕ್ಲೀನರ್ ಹೊರಟ, ಬೇಡ ಅಂದೆ. ಮೊದಲು ಬ್ರಷ್, ವ್ಯಾಕ್ಯೂಮ್, ಆಮೇಲೆ ಒಣ ಬಟ್ಟೆ. ಆದರೂ ಫ್ಯೂಸ್ ಬಾಕ್ಸಿನ ಎರಡು ಕನೆಕ್ಟರ್ ಮಳೆಗಾಲದಲ್ಲಿ ಹಸಿರು ಹಿಡಿದವು. ಅದರ ರಿಪೇರಿ ಒಂದು 1,800.

ಸಿಲಿಂಡರ್ ರೀಫಿಲ್ ಮಾಡಿಸಿದ ಕಥೆಯೂ ಕೇಳಿ. ಬೆಂಗಳೂರಿನ ಒಂದು ಅಂಗಡಿ, ಹೆಸರು ಬೇಡ. 450 ತೆಗೆದುಕೊಂಡ, ಹೊಸ ಸ್ಟಿಕ್ಕರ್ ಅಂಟಿಸಿಕೊಟ್ಟ, ಮೀಟರಿನ ಮುಳ್ಳು ಹಸಿರಲ್ಲಿತ್ತು. ನನಗೇನೋ ಹಗುರ ಅನ್ನಿಸಿತು. ಮಂಡಿಯ ಕಾಟಾ ಮೇಲೆ ಇಟ್ಟರೆ, ಸಿಲಿಂಡರ್ ಮೇಲೆ ಬರೆದಿರೋ ತುಂಬಿದ ತೂಕಕ್ಕಿಂತ ಮುಕ್ಕಾಲು ಕೆಜಿ ಕಡಿಮೆ. ಗ್ಯಾಸ್ ಹೊಡೆದಿದ್ದ, ಪುಡಿ ಪೂರ್ತಿ ಹಾಕಿರಲಿಲ್ಲ. ಮುಳ್ಳು ತೋರಿಸೋದು ಒಳಗಿನ ಒತ್ತಡ ಮಾತ್ರ. ಪುಡಿ ಎಷ್ಟಿದೆ ಅಂತ ಹೇಳೋದು ಕಾಟಾ. ವಾಪಸ್ ಹೋಗಿ ಜಗಳ ಆಡಿ ತುಂಬಿಸಿಕೊಂಡು ಬಂದೆ. ಅಂದಿನಿಂದ ರೀಫಿಲ್ ಆದ ಮೇಲೆ ತೂಗದೆ ದುಡ್ಡು ಕೊಡಲ್ಲ.

ಇಷ್ಟು ಆದ ಮೇಲೆ ನಾನು ಬ್ರ್ಯಾಕೆಟ್ ಬಗ್ಗೆ ಯೋಚನೆ ಮಾಡೋದು ಬಿಟ್ಟು, ಬೆಂಕಿ ಬಿದ್ದಾಗ ನಾನು ಎಲ್ಲಿರುತ್ತೇನೆ ಅಂತ ಯೋಚಿಸಿದೆ. ಯಾರಾದರೂ ಆಗಲಿ, ಹೊಗೆ ಕಂಡ ತಕ್ಷಣ ಗಾಡಿ ನಿಲ್ಲಿಸಿ ಕೆಳಗೆ ಹಾರುತ್ತಾರೆ. ಹಾರಿದ ಮೇಲೆ ಸಿಲಿಂಡರ್ ನೆನಪಾಗುತ್ತೆ. ಅದು ಸೀಟಿನ ಹಿಂದೆ ಇದ್ದರೆ ಹೊಗೆ ತುಂಬಿದ ಕ್ಯಾಬಿನ್ನಿಗೆ ಮತ್ತೆ ಹತ್ತಬೇಕು. ಯಾರೂ ಹತ್ತಲ್ಲ, ಹತ್ತಲೂ ಬಾರದು. ಅಂದರೆ ಸಿಲಿಂಡರ್ ಇರಬೇಕಾದ್ದು ಕೆಳಗೆ ನಿಂತವನ ಕೈಗೆ ಸಿಗೋ ಹಾಗೆ. ಲಾರಿ ಕ್ಯಾಬಿನ್ನಿನ ನೆಲ, ಕೆಳಗೆ ನಿಂತವನ ಎದೆ ಮಟ್ಟಕ್ಕೆ ಬರುತ್ತೆ. ಬಾಗಿಲು ತೆಗೆದರೆ ಸೀಟು ಸ್ಟ್ಯಾಂಡಿನ ಪಕ್ಕದ ನೆಲ ಸೀದಾ ಕೈಗೆ ಸಿಗುತ್ತೆ. ಅಲ್ಲಿ ಹೆಚ್ಚಿನ ಗಾಡಿಗಳಲ್ಲಿ ಇರೋದು ನೀರಿನ ಬಾಟಲ್, ಒಂದು ಪೊರಕೆ, ಚಪ್ಪಲಿ.

ಕ್ಲೀನರ್ ಹುಡುಗನ ಜೊತೆ ಒಂದು ಪಂದ್ಯ ಕಟ್ಟಿದೆ. ಯಾರ್ಡಿನಲ್ಲಿ ಗಾಡಿ ನಿಲ್ಲಿಸಿ, ಇಬ್ಬರೂ ಕೆಳಗೆ ಹಾರಿ, ಫೋನಿನಲ್ಲಿ ಟೈಮ್ ಇಟ್ಟುಕೊಂಡು ಸಿಲಿಂಡರ್ ಹೊರಗೆ ತರಬೇಕು. ಬರ್ತ್ ಕೆಳಗಿಂದ ತರೋಕೆ ಇಪ್ಪತ್ತು ಸೆಕೆಂಡಿನ ಮೇಲೆ, ಅದೂ ಹಗಲಲ್ಲಿ, ಹೊಗೆ ಇಲ್ಲದೆ. ಸೀಟಿನ ಪಕ್ಕ ಸುಮ್ನೆ ಇಟ್ಟಿದ್ದನ್ನು ಎತ್ತೋಕೆ ಮೂರು, ನಾಲ್ಕು ಸೆಕೆಂಡು. ಹುಡುಗ ಚಹಾ ಗೆದ್ದ. ಜಾಗ ಅಲ್ಲಿಗೆ ತೀರ್ಮಾನ ಆಯಿತು.

ಈಗ ಕೆಲಸ. ತಗಡಿಗೆ ಏನೂ ಹೊಡೆಯಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಕ್ಯಾಬಿನ್‌ನಲ್ಲಿ ನಂಬಬಹುದಾದ ಕಬ್ಬಿಣ ಅಂದರೆ ಸೀಟು ಸ್ಟ್ಯಾಂಡ್ ಕೂತಿರೋ ಬೋಲ್ಟ್. ಅಲ್ಲಿ ಕಂಪನಿಯವರೇ ಕೆಳಗೆ ದಪ್ಪ ಪ್ಲೇಟ್ ಕೊಟ್ಟಿರುತ್ತಾರೆ. ಐದು ಎಂಎಂ ಪ್ಲೇಟ್, ನಾಲ್ಕು ಇಂಚು ಅಗಲ, 16 ಇಂಚು ಉದ್ದ, ಗುಜರಿಯಲ್ಲಿ ತೂಕಕ್ಕೆ ತಂದೆ. ಅದರ ಒಂದು ಅಂಚಿನಿಂದ ಎರಡು ಕಿವಿ ತೆಗೆದು, ಬಾಗಿಲ ಕಡೆಯ ಎರಡು ಸೀಟು ಬೋಲ್ಟಿನ ಅಳತೆಗೆ ತೂತು ಹಾಕಿದೆ. ಹಳೇ ಬೋಲ್ಟ್ ಉದ್ದ ಸಾಲಲ್ಲ, ಐದು ಎಂಎಂ ಪ್ಲೇಟ್ ಬಂತಲ್ಲ. ಅದೇ ದಪ್ಪ, ಅದೇ ಗ್ರೇಡ್ ಇರೋ ಸ್ವಲ್ಪ ಉದ್ದದ ಬೋಲ್ಟ್ ತರಬೇಕು. ತಲೆ ಮೇಲೆ 8.8 ಅಂತ ಇದ್ದರೆ 8.8, 10.9 ಇದ್ದರೆ 10.9. ಇದರಲ್ಲಿ ನಾಲ್ಕು ರೂಪಾಯಿ ಉಳಿಸಲು ಹೋಗಬೇಡಿ, ನಿಮ್ಮ ಸೀಟು ಕೂತಿರೋದೂ ಅದರ ಮೇಲೇ. ಒಂದು ಸಲಕ್ಕೆ ಒಂದೇ ಬೋಲ್ಟ್ ಬಿಚ್ಚಿ, ಹೊಸದನ್ನು ಕೈ ಬಿಗಿ ಹಾಕಿ, ಆಮೇಲೆ ಇನ್ನೊಂದು. ಏರ್ ಸಸ್ಪೆನ್ಷನ್ ಸೀಟು ಇದ್ದರೆ ಮೇಲಿನ ಭಾಗಕ್ಕೆ ಏನೂ ಕಟ್ಟಬೇಡಿ. ಅದು ಮೇಲೆ ಕೆಳಗೆ ಆಡುತ್ತೆ. ತಳದ ಫ್ರೇಮ್ ಮಾತ್ರ.

ಪ್ಲೇಟ್ ಮೇಲೆ ಎರಡು ಅರ್ಧ ಸುತ್ತಿನ ತೊಟ್ಟಿಲು ವೆಲ್ಡ್ ಮಾಡಿಸಿದೆ, ಸಿಲಿಂಡರ್ ಕೂರೋಕೆ. ಟಮಕದ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ 300 ಕೊಟ್ಟೆ. ತೊಟ್ಟಿಲಿಗೆ ಮೊದಲು ಟ್ಯೂಬ್ ರಬ್ಬರ್ ಅಂಟಿಸಿದ್ದೆ. ಅದು ಬಿಸಿಲಿಗೆ ಕರಗಿ ಸಿಲಿಂಡರ್ ಬಣ್ಣಕ್ಕೆ ಮೆತ್ತಿಕೊಂಡಿತು. ಆಮೇಲೆ ಕಲ್ಲು ಕ್ರಷರ್‌ನಿಂದ ಹಳೇ ಕನ್ವೇಯರ್ ಬೆಲ್ಟಿನ ಒಂದು ತುಂಡು ಕೇಳಿ ತಂದೆ. ಅದು ಇವತ್ತಿಗೂ ಹಾಗೇ ಇದೆ. ರಬ್ಬರ್ ಇಲ್ಲದೆ ಕಬ್ಬಿಣದ ಮೇಲೆ ಕಬ್ಬಿಣ ಇಟ್ಟರೆ ಬಣ್ಣ ಹೋಗಿ, ತುಕ್ಕು ಹಿಡಿದು, ಒತ್ತಡದ ಡಬ್ಬಿಯ ಗೋಡೆ ಸವೆಯುತ್ತೆ. ಅದು ಆಗಬಾರದು.

ಮೇಲಿನ ಪಟ್ಟಿ ಒಂದು ಇಂಚು ಅಗಲದ್ದು, ಎರಡು. ಮುಚ್ಚೋಕೆ ಹಳೇ ಗಾಡಿಗಳ ಏರ್ ಫಿಲ್ಟರ್ ಡಬ್ಬಿಗೆ ಬರುತ್ತಿದ್ದ ಕ್ಲಿಪ್. ಗುಜರಿಯಲ್ಲಿ ಕೇಳಿದರೆ ಒಂದಕ್ಕೆ ಇಪ್ಪತ್ತು, ಮೂವತ್ತಕ್ಕೆ ಕೊಡುತ್ತಾರೆ. ಹೊಸ ಟಾಗಲ್ ಕ್ಲಿಪ್ ಕೂಡ ಸಿಗುತ್ತೆ, ಆದರೆ ತಗಡು ತೆಳ್ಳಗೆ. ಎರಡು ಕ್ಲಿಪ್ ಒಂದೊಂದಾಗಿ ಬಿಚ್ಚೋಕೆ ಹೊತ್ತು ಹಿಡಿಯುತ್ತೆ, ಕೈ ನಡುಗುತ್ತಿರುವಾಗ ಇನ್ನೂ ಕಷ್ಟ. ಅದಕ್ಕೆ ಹಳೇ ಸೀಟ್ ಬೆಲ್ಟಿನ ತುಂಡನ್ನು ಎರಡೂ ಕ್ಲಿಪ್ಪಿಗೆ ಸೇರಿಸಿ ಹೊಲಿಸಿದೆ. ಬೆಲ್ಟ್ ಹಿಡಿದು ಒಂದು ಸಲ ಎಳೆದರೆ ಎರಡೂ ಬಿಚ್ಚುತ್ತವೆ. ಕ್ಲಿಪ್ ಕಂಪನಕ್ಕೆ ತಾನಾಗೇ ಬಿಚ್ಚದ ಹಾಗೆ ಒಂದು ಚಿಕ್ಕ ಕೆಲಸ ಮಾಡಿದ್ದೇನೆ. ಪಿನ್ ಹೊರಗೆ ಬರದ ಹಾಗೆ ಇನ್ನೊಂದು. ಅವೆರಡನ್ನು ಇಲ್ಲಿ ಬರೆಯಲ್ಲ. ಗಾಡಿ ತನ್ನಿ, ಮಾಡಿಕೊಡುತ್ತೇನೆ. ಇಷ್ಟು ಮಾತ್ರ ಹೇಳುತ್ತೇನೆ, ಪಿನ್ನಿಗೆ ಕಬ್ಬಿಣದ ತಂತಿ ಬಿಗಿಯಬೇಡಿ. ಹೊತ್ತಿಗೆ ಬಿಚ್ಚೋಕೆ ಕಟಿಂಗ್ ಪ್ಲೇಯರ್ ಹುಡುಕಬೇಕಾಗುತ್ತೆ.

ಸಿಲಿಂಡರ್ ಗಾಡಿಯ ಉದ್ದಕ್ಕೆ ಮಲಗುತ್ತೆ, ತಲೆ ಮುಂದಕ್ಕೆ. ಹಾಗಾದರೆ ಜೋರಾಗಿ ಬ್ರೇಕ್ ಹೊಡೆದಾಗ ಮುಂದೆ ಜಾರಿ ಪೆಡಲ್ ಕೆಳಗೆ ಹೋಗಲ್ವಾ? ಹೋಗುತ್ತೆ. ಅದಕ್ಕೆ ಸಿಲಿಂಡರಿನ ಭುಜದ ಹತ್ತಿರ ಒಂದು ಇಂಚು ಎತ್ತರದ ತಡೆ ಪಟ್ಟಿ ವೆಲ್ಡ್ ಮಾಡಿಸಲೇಬೇಕು. ತಳದ ಕಡೆಗೂ ಒಂದು. ಈ ಪಟ್ಟಿ ಇಲ್ಲದೆ ನನ್ನ ರೀತಿ ಮಾಡಿದರೆ ಅದಕ್ಕಿಂತ ಬರ್ತ್ ಕೆಳಗೆ ಇಡೋದೇ ಮೇಲು. ಪೆಡಲ್ ಕೆಳಗೆ ನೀರಿನ ಬಾಟಲ್ ಹೋದರೇ ಏನಾಗುತ್ತೆ ಅಂತ ನಿಮಗೆ ಗೊತ್ತು. ಮುಳ್ಳು ಮೇಲೆ ಮುಖ ಮಾಡಿರಬೇಕು. ಬಾಗಿಲು ತೆಗೆದು ಹತ್ತುವಾಗಲೆಲ್ಲ ಕಣ್ಣಿಗೆ ಬೀಳುತ್ತೆ, ನೋಡಬೇಕು ಅಂತ ನೆನಪಿಟ್ಟುಕೊಳ್ಳೋ ಕೆಲಸ ಇಲ್ಲ.

ಗಟ್ಟಿ ಇದೆಯಾ ಅಂತ ನೋಡೋಕೆ ಯಾರ್ಡಿನಲ್ಲೇ ಪರೀಕ್ಷೆ ಮಾಡಿದೆ. ಪ್ಲೇಟನ್ನು ಒಂದು ಕಂಬಕ್ಕೆ ಅಡ್ಡ ಬೋಲ್ಟ್ ಹಾಕಿ, ಪಟ್ಟಿಗೆ ಹಗ್ಗ ಕಟ್ಟಿ, ಟೊಮೆಟೊ ತುಂಬಿದ ಬಾಕ್ಸ್ ಒಂದೊಂದೇ ನೇತುಹಾಕಿದೆ. ಒಂದು ಬಾಕ್ಸ್ 15 ಕೆಜಿ. ಐದು ಬಾಕ್ಸಿಗೂ ಕ್ಲಿಪ್ ಬಿಡಲಿಲ್ಲ. ಆರನೆಯದಕ್ಕೆ ಹಗ್ಗ ಹರಿಯಿತು. ನಾಲ್ಕು ಕೆಜಿ ಸಿಲಿಂಡರಿಗೆ ಅದರ ತೂಕದ ಹದಿನೆಂಟರಷ್ಟು ಎಳೆತ ತಡೆದರೆ ನನಗೆ ಸಾಕು. ಬಿದ್ದ ಹಣ್ಣಿನ ದುಡ್ಡು ಮಂಡಿಯವರು ಕೇಳಲಿಲ್ಲ. ಅದು ಬಾಕ್ಸಿಗೆ ನೂರು, ನೂರೈವತ್ತು ಇದ್ದ ಕಾಲ. 2023ರ ಜುಲೈನಲ್ಲಿ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆಗ ಈ ಪರೀಕ್ಷೆ ಮಾಡಿದ್ದರೆ ನನ್ನನ್ನೇ ಕಂಬಕ್ಕೆ ಕಟ್ಟುತ್ತಿದ್ದರು.

ಮಲಗಿಸಿದರೆ ಗ್ಯಾಸ್ ಸೋರುತ್ತೆ ಅಂದರು ಕೆಲವರು. ಗ್ಯಾಸ್ ಸೋರೋದು ವಾಲ್ವಿನ ರಬ್ಬರ್ ಕೆಟ್ಟರೆ. ನಿಲ್ಲಿಸಿದರೂ ಅಷ್ಟೇ, ಮಲಗಿಸಿದರೂ ಅಷ್ಟೇ. ನನ್ನ ಮುಳ್ಳು ಹಸಿರಿಂದ ಕದಲಿಲ್ಲ. ಆದರೆ ಹೊಡೆಯುವಾಗ ಮಾತ್ರ ಸಿಲಿಂಡರ್ ನೆಟ್ಟಗೆ ಇರಬೇಕು. ಒಳಗಿನ ಕೊಳವೆ ತಳದಿಂದ ಪುಡಿ ಎಳೆಯೋದು. ಮಲಗಿಸಿ ಹೊಡೆದರೆ ಗ್ಯಾಸ್ ಮೊದಲು ಓಡಿಹೋಗುತ್ತೆ, ಪುಡಿ ಒಳಗೇ ಉಳಿಯುತ್ತೆ. ಕ್ಲೀನರ್ ಹುಡುಗರಿಗೆ ಇದನ್ನು ಹೇಳಿಕೊಡಲೇಬೇಕು. ಮೇಸ್ತ್ರಿಗೆ ಬೇರೆ ಅನುಮಾನ. "ಸೀಟು ಬೋಲ್ಟ್ ಮುಟ್ಟಬೇಡಪ್ಪಾ" ಅಂತಲೇ ಇದ್ದರು. ಕ್ಯಾಬಿನ್ ಎತ್ತಿ ತೋರಿಸಿದೆ. ಪೂರ್ತಿ ಮುಂದಕ್ಕೆ ಬಗ್ಗಿಸಿ, ಒಂದು ಗಂಟೆ ಹಾಗೇ ಬಿಟ್ಟು, ಕೆಳಗೆ ಇಳಿಸಿದ ಮೇಲೆ ಸ್ಪ್ಯಾನರ್ ಹಾಕಿ ನೋಡಿದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನಲಿಲ್ಲ ಅಂದರೆ ಪಾಸ್ ಅಂತ.

ಮಧ್ಯೆ ಒಂದಷ್ಟು ಬೇರೆ ಪ್ರಯೋಗ ಮಾಡಿದೆ. ಚಿಕ್ಕಬಳ್ಳಾಪುರ ಕಡೆ ಕ್ರಷರ್‌ಗೆ ಓಡೋ ಒಬ್ಬ ಗೆಳೆಯನ ಟಿಪ್ಪರ್‌ನಲ್ಲಿ ಎರಡು ವರ್ಷ ನಿಂತೇ ಇದ್ದ ಸಿಲಿಂಡರ್ ಒಂದಿತ್ತು. ಮುಳ್ಳು ಹಸಿರು. ಹೊರಗೆ ತಂದು ಹೊಡೆದು ನೋಡಿದೆವು. ಬುಸ್ ಅಂತ ಒಂದು ಮೋಡ, ಅಷ್ಟೇ, ಆಮೇಲೆ ಬರೀ ಗಾಳಿ. ಒತ್ತಡ ಪೂರ್ತಿ ಇಳಿದ ಮೇಲೆ ತಲೆ ಬಿಚ್ಚಿಸಿ ನೋಡಿದರೆ ಪುಡಿ ತಳದಲ್ಲಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿ ಕೂತಿತ್ತು. ಸ್ಕ್ರೂಡ್ರೈವರ್ ಹಾಕಿ ಕೆದಕಬೇಕಾಯಿತು. ಕಂಪನಕ್ಕೆ ಪುಡಿ ಕೆಳಗೆ ಇಳಿದು ಇಳಿದು ಒತ್ತಿಕೊಳ್ಳುತ್ತೆ. ಅದಕ್ಕೆ ನಾನು ತಿಂಗಳಿಗೆ ಒಂದೆರಡು ಸಲ ಸಿಲಿಂಡರ್ ತೆಗೆದು, ತಲೆಕೆಳಗು ಮಾಡಿ, ತಳಕ್ಕೆ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತೇನೆ. ಒಳಗೆ ಪುಡಿ ಸರ್ರನೆ ಜಾರೋದು ಕೈಗೆ ಗೊತ್ತಾಗುತ್ತೆ. ಜಾರದಿದ್ದರೆ ರೀಫಿಲ್. ಮಲಗಿಸಿದ್ದಕ್ಕೆ ಪುಡಿ ಗಟ್ಟಿಯಾಗೋದು ಕಡಿಮೆ ಅಂತ ನನ್ನ ಲೆಕ್ಕ, ಪುಡಿ ಉದ್ದಕ್ಕೆ ಹರಡಿಕೊಳ್ಳುತ್ತಲ್ಲ. ಮತ್ತೆ ಇಡುವಾಗ ಪ್ರತಿ ಸಲ ಸ್ವಲ್ಪ ಉರುಳಿಸಿ ಇಡುತ್ತಿದ್ದೆ. ಮುಳ್ಳು ಪಕ್ಕಕ್ಕೆ ಹೋಗುತ್ತೆ ಅಂತ ಅದನ್ನು ಬಿಟ್ಟೆ.

ಅವಧಿ ಮುಗಿದ ಸಿಲಿಂಡರ್‌ಗಳನ್ನು ಒಟ್ಟು ಮಾಡಿ ಕೆರೆ ಅಂಗಳದಲ್ಲಿ ಬೆಂಕಿ ಹಾಕಿಯೂ ನೋಡಿದೆವು. ಖಾಲಿ ಕೆರೆ ಹುಡುಕೋದೇ ಕಷ್ಟ ಆಯಿತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಬರೋಕೆ ಶುರುವಾದ ಮೇಲೆ ನಮ್ಮ ಕಡೆ ಎಷ್ಟೋ ಕೆರೆಗಳಲ್ಲಿ ನೀರು ನಿಂತಿದೆ. ತಟ್ಟೆಯಲ್ಲಿ ಡೀಸೆಲ್ ಹಚ್ಚಿದರೆ ಎರಡು, ಮೂರು ಸೆಕೆಂಡಿಗೆ ಆರುತ್ತೆ, ಅದರಲ್ಲಿ ಮಾತಿಲ್ಲ. ಹಳೇ ಟೈರ್ ಹಾಗಲ್ಲ. ಜ್ವಾಲೆ ಹೋಗುತ್ತೆ, ಎಲ್ಲರೂ ಖುಷಿ ಪಡುತ್ತೇವೆ, ಸ್ವಲ್ಪ ಹೊತ್ತಿಗೆ ಒಳಗಿನ ಕಾವಿಗೆ ಮತ್ತೆ ಹತ್ತಿಕೊಳ್ಳುತ್ತೆ. ಪುಡಿಗೆ ತಣ್ಣಗೆ ಮಾಡೋ ಶಕ್ತಿ ಇಲ್ಲ. ಬ್ರೇಕ್ ಲೈನರ್ ಜಾಮ್ ಆಗಿ ಚಕ್ರಕ್ಕೆ ಬೆಂಕಿ ಹಿಡಿದರೆ ಸಿಲಿಂಡರ್ ಬರೀ ಹೊತ್ತು ಕೊಡುತ್ತೆ, ಆಮೇಲೆ ನೀರು ಬೇಕೇ ಬೇಕು. ಅಂದಿನಿಂದ 20 ಲೀಟರಿನ ಎರಡು ಕ್ಯಾನ್ ಸದಾ ತುಂಬಿರುತ್ತೆ. ಚಿತ್ತೂರು ಕಡೆಯ ಮೊಗಿಲಿ ಘಾಟ್ ಇಳಿಯೋ ಗಾಡಿಯವರಿಗೆ ಇದು ಮುಖ್ಯ. ಕೆರೆ ಹತ್ತಿರದ ಹಳ್ಳಿಯ ಹಿರಿಯರೊಬ್ಬರು ಹೊಗೆ ನೋಡಿ ಬಂದು ಚೆನ್ನಾಗಿ ಬೈದರು. ಟೈರ್ ಪ್ರಯೋಗ ಅಲ್ಲಿಗೆ ನಿಂತಿತು.

ಸಿಒಟು (ಇಂಗಾಲದ ಡೈಆಕ್ಸೈಡ್ ಗ್ಯಾಸ್) ಸಿಲಿಂಡರ್ ಹಾಕಿದರೆ ಪುಡಿ ಗಲೀಜು ಇರಲ್ಲ ಅಂತ ಒಬ್ಬರು ಸಲಹೆ ಕೊಟ್ಟರು. ಅಷ್ಟು ಚಿಕ್ಕ ಕ್ಯಾಬಿನ್ ಒಳಗೆ ಅದು ಬಿಟ್ಟುಕೊಂಡರೆ ಮಲಗಿದವನಿಗೆ ಉಸಿರೇ ಇರಲ್ಲ. ತೂಕವೂ ಜಾಸ್ತಿ. ಬೇಡವೇ ಬೇಡ.

ಇಷ್ಟೆಲ್ಲ ಮಾಡಿದ್ದು ಉಪಯೋಗಕ್ಕೆ ಬಂದದ್ದು ಆಂಧ್ರದ ಗುತ್ತಿ ದಾಟಿದ ಮೇಲೆ, ಲೋಡ್ ಗಾಡಿಯಲ್ಲಿ. ಕ್ಲೀನರ್ ಕಡೆ ಡ್ಯಾಶ್ ಬೋರ್ಡ್ ಕೆಳಗಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ. ಹಿಂದೆಯೇ ಹೊಗೆ. ಫ್ಯಾನಿಗೂ ಚಾರ್ಜರಿಗೂ ಎಲೆಕ್ಟ್ರಿಷಿಯನ್ ಒಬ್ಬ ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ಸೀದಾ ಲೈನ್ ಎಳೆದಿದ್ದ. ಎಡಕ್ಕೆ ಹಾಕಿ ನಿಲ್ಲಿಸಿ, ಕೀ ತೆಗೆದು, ಇಬ್ಬರೂ ಹಾರಿದೆವು. ನಾನು ತಿರುಗಿ ಬೆಲ್ಟ್ ಎಳೆದೆ. ಕ್ಲಿಪ್ ಎರಡೂ ಒಟ್ಟಿಗೆ ಟಕ್ ಅಂದವು. ಸಿಲಿಂಡರ್ ಕೈಯಲ್ಲಿ. ಆ ಕಡೆ ಓಡಿ, ಕ್ಲೀನರ್ ಬಾಗಿಲು ಸ್ವಲ್ಪವೇ ತೆಗೆದು, ಕೆಳಗೆ ನಿಂತುಕೊಂಡೇ ಡ್ಯಾಶ್ ಕೆಳಗೆ ಎರಡು ಸಲ ಚಿಕ್ಕದಾಗಿ ಹೊಡೆದೆ. ಜ್ವಾಲೆ ಹೋಯಿತು. ಒಂದು ನಿಮಿಷಕ್ಕೆ ಮತ್ತೆ ಹೊಗೆ, ಏಕೆಂದರೆ ವೈರಿನಲ್ಲಿ ಕರೆಂಟ್ ಇನ್ನೂ ಹರಿಯುತ್ತಿತ್ತು. ಹುಡುಗ ಅಷ್ಟರಲ್ಲಿ ಬ್ಯಾಟರಿ ಟರ್ಮಿನಲ್ ಬಿಚ್ಚಿದ್ದ. ಮೂರನೇ ಸಲ ಹೊಡೆದೆ, ಮುಗಿಯಿತು. 2 ಕೆಜಿ ಸಿಲಿಂಡರ್ ಒಂದೇ ಸಮ ಹೊಡೆದರೆ ಹತ್ತು ಸೆಕೆಂಡಿನ ಆಸುಪಾಸು ಬರುತ್ತೆ. ಒಂದೇ ಏಟಿಗೆ ಖಾಲಿ ಮಾಡಿದ್ದರೆ ಎರಡನೇ ಹೊಗೆಗೆ ನನ್ನ ಕೈ ಖಾಲಿ.

ನಷ್ಟ ಅಂದರೆ ಒಂದು ವೈರಿಂಗ್ ಕಟ್ಟು, ಡ್ಯಾಶ್ ಬೋರ್ಡಿನ ಒಂದು ಮೂಲೆ, ಕ್ಲೀನಿಂಗ್. ಎಲ್ಲ ಸೇರಿ 9 ಸಾವಿರ ಇರಬಹುದು. ಹಣ್ಣಿಗೆ ಏನೂ ಆಗಲಿಲ್ಲ. ಮಾರನೇ ದಿನ ಸಂಜೆಗೆ ಇಳಿಸಿದೆ, ಬಾಡಿಗೆಯಲ್ಲಿ ತಡ ಅಂತ ಒಂದಿಷ್ಟು ಮುರಿದುಕೊಂಡರು. ವಾಪಸ್ ಬಂದ ತಕ್ಷಣ ಬ್ಯಾಟರಿಗೆ ಕಟ್ ಆಫ್ ಸ್ವಿಚ್ ಹಾಕಿಸಿದೆ, ಹೊರಗಿನಿಂದ ತಿರುಗಿಸೋ ಹಾಗೆ. 600 ರೂಪಾಯಿ. ಶಾರ್ಟ್ ಆದ ಬೆಂಕಿಗೆ ಸಿಲಿಂಡರ್ ಅರ್ಧ ಕೆಲಸ, ಸ್ವಿಚ್ ಇನ್ನರ್ಧ. ನೇರ ಲೈನ್‌ಗಳನ್ನೆಲ್ಲ ಕಿತ್ತು ಫ್ಯೂಸ್ ಮೂಲಕ ಹಾಕಿಸಿದೆ.

ಬ್ರ್ಯಾಕೆಟ್ ಖರ್ಚು ಒಟ್ಟು 800 ದಾಟಿಲ್ಲ. ಪ್ಲೇಟ್, ವೆಲ್ಡಿಂಗ್, ಕ್ಲಿಪ್, ಬೋಲ್ಟ್, ಹೊಲಿಗೆ, ಬಣ್ಣ ಎಲ್ಲ ಸೇರಿ. ಬೇರೆಯವರಿಗೆ ಮಾಡಿಕೊಡೋಕೆ 1,500 ತಗೊಳ್ತೀನಿ, ಅದು ಜಾಸ್ತಿ ಅಂತ ಗೊಣಗುತ್ತಾರೆ. ಗಾಜಿನ ರೇಟು ಕೇಳಿ ಬನ್ನಿ ಅಂತೀನಿ.

ಎಲ್ಲ ಗಾಡಿಗೂ ಇದೇ ಅಳತೆ ಬರಲ್ಲ. ನನ್ನ 17 ಅಡಿ ಐಷರ್‌ನಲ್ಲಿ ಬಾಗಿಲಿಗೂ ಸೀಟು ಸ್ಟ್ಯಾಂಡಿಗೂ ಮಧ್ಯೆ ನಾಲ್ಕೇ ಇಂಚು, 2 ಕೆಜಿ ಕೂರಲ್ಲ. ಅದಕ್ಕೆ ಒಂದು ಕೆಜಿಯದನ್ನು ಸೀಟಿನ ಪಕ್ಕಕ್ಕೆ ಹಾಕಿ, ಇನ್ನೊಂದನ್ನು ಕ್ಲೀನರ್ ಕಡೆ ಇಟ್ಟೆ. ಹ್ಯಾಂಡ್ ಬ್ರೇಕ್ ಲಿವರ್ ಬಾಗಿಲ ಕಡೆ ಇರೋ ಗಾಡಿಗಳಲ್ಲಿ ಪ್ಲೇಟನ್ನು ಹಿಂದಕ್ಕೆ ಜರುಗಿಸಬೇಕು. ಲಿವರ್ ಪೂರ್ತಿ ಮೇಲೆ ಕೆಳಗೆ ಆಡಿಸಿ ನೋಡಿ ಆಮೇಲೆ ವೆಲ್ಡ್ ಮಾಡಿ. 2025ರ ಅಕ್ಟೋಬರ್ 1ರಿಂದ ತಯಾರಾಗೋ ಲಾರಿಗಳಿಗೆ ಕ್ಯಾಬಿನ್ ಎಸಿ ಕಡ್ಡಾಯ ಆಗಿದೆ. ಅಂಥ ಹೊಸ ಗಾಡಿ ಇನ್ನೂ ನನ್ನ ಕೈಗೆ ಒಂದೇ ಬಂದಿದೆ. ಅದರಲ್ಲಿ ಸೀಟು ಸ್ಟ್ಯಾಂಡ್ ಸುತ್ತ ಪ್ಲಾಸ್ಟಿಕ್ ಕವಚ ಇದೆ, ಅದನ್ನು ಕತ್ತರಿಸೋಕೆ ಓನರ್ ಒಪ್ಪಲಿಲ್ಲ. ಕವಚದ ಕೆಳಗಿಂದ ಕಿವಿ ತೂರಿಸಿ ಮಾಡಿದೆ, ಅರ್ಧ ದಿನ ಹಿಡಿಯಿತು.

ಬರೋರು ಸೀಟು ಬೋಲ್ಟಿನ ಮಧ್ಯದಿಂದ ಮಧ್ಯಕ್ಕೆ ಅಳತೆ, ಬಾಗಿಲು ಮುಚ್ಚಿದಾಗ ಉಳಿಯೋ ಜಾಗ, ಇವೆರಡನ್ನು ಬರೆದುಕೊಂಡು ಬನ್ನಿ. ಭಾನುವಾರ ಬೇಡ, ವೆಲ್ಡಿಂಗ್ ಅಂಗಡಿ ಮುಚ್ಚಿರುತ್ತೆ. ಈಗ ಆ ಕ್ರಷರ್ ಗೆಳೆಯನ ಟಿಪ್ಪರ್‌ಗೂ ಎರಡು ಕೂರಿಸಿದ್ದೇನೆ, ಒಂದು ಮಲಗಿಸಿ, ಒಂದು ನಿಲ್ಲಿಸಿ, ಎರಡೂ ಒಂದೇ ದಿನ ತುಂಬಿಸಿದ್ದು. ಬೇಸಿಗೆ ಮುಗಿದ ಮೇಲೆ ಎರಡನ್ನೂ ಹೊಡೆದು, ಒಳಗೆ ಎಷ್ಟು ಪುಡಿ ಉಳಿಯಿತು ಅಂತ ಕಾಟಾ ಮೇಲೆ ತೂಗಬೇಕು. ಗೆಳೆಯ ನಿಲ್ಲಿಸಿದ್ದೇ ಗೆಲ್ಲುತ್ತೆ ಅಂತ ಬಿರಿಯಾನಿ ಪಂದ್ಯ ಕಟ್ಟಿದ್ದಾನೆ.